ಸೌತೆಕಾಯಿ ಪಾಸು, ನಾನು ನಪಾಸು

ನಮ್ಮ ಅಳಿಯದೇವರು ದಿನವಿಡೀ ಗಾಜು ಸವರುತ್ತಾರೆ. ಎದ್ದ ಕೂಡಲೇ ಫೋನಿನ ಗಾಜು, ಅಡುಗೆಮನೆಯಲ್ಲಿ ಒಲೆಯ ಗಾಜು, ಕಾರಿನಲ್ಲಿ ಸ್ಟಿಯರಿಂಗ್ ಪಕ್ಕದ ಗಾಜು, ವೆಲ್ಲಿಂಗ್ಟನ್ನಿನ ಆಫೀಸಿನಲ್ಲಿ ಮತ್ತೊಂದಿಷ್ಟು ಗಾಜು. ಸಂಬಳ ಬರುವುದೂ ಆ ಗಾಜಿನ ಮೇಲೆ ಜನ ಮುಟ್ಟುವ ಗುಂಡಿಗಳನ್ನು ಮೂಡಿಸುವ ಕೆಲಸಕ್ಕೇ. ಆದರೆ ಬೆರಳು ತಾಗಿದ್ದು ಗಾಜಿಗೆ ಹೇಗೆ ತಿಳಿಯುತ್ತದೆ ಎಂದು ನಾನೊಮ್ಮೆ ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಇಷ್ಟು: "ಅದು ಸೆನ್ಸ್ ಮಾಡುತ್ತೆ ಅತ್ತೆ."

ಸೆನ್ಸ್ ಮಾಡುತ್ತದಂತೆ! ಧಾರವಾಡದ ಕಾಲೇಜಿನಲ್ಲಿ ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತಿದ್ದ ಕಾಲದಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ದೊಡ್ಡದೊಂದು ಸೊನ್ನೆ ಸುತ್ತುತ್ತಿದ್ದೆ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿದ ಮನುಷ್ಯನೊಬ್ಬ, ತನಗೆ ಅನ್ನ ಕೊಡುವ ವಸ್ತುವಿನ ಬಗ್ಗೆ ಇಷ್ಟೂ ಕುತೂಹಲವಿಲ್ಲದೆ ಆರಾಮಾಗಿ ಬದುಕಬಲ್ಲ ಎಂಬುದು ನನಗೆ ವೆಲ್ಲಿಂಗ್ಟನ್ ಪಕ್ಕದ ಈ ಲೋವರ್ ಹಟ್ ಊರಿಗೆ ಬಂದ ಮೇಲೆಯೇ ಗೊತ್ತಾಗಿದ್ದು.

ನಮ್ಮ ಮನೆಯವರು ತೀರಿಕೊಂಡ ಮೇಲೆ ಮಗಳು ನನ್ನನ್ನು ಇಲ್ಲಿಗೆ ಕರೆಸಿಕೊಂಡಳು. ಬಂದ ಮೊದಲ ವಾರವೇ ನನ್ನ ಕೆಲಸ ನಾನೇ ಆರಿಸಿಕೊಂಡೆ. ಮಧ್ಯಾಹ್ನ ಮೂರಕ್ಕೆ ಮೊಮ್ಮಗಳನ್ನು ಶಾಲೆಯಿಂದ ಕರೆತರುವುದು. ಗೇಟಿನ ಹತ್ತಿರ ನಿಂತರೆ ಸಾಕು, ಅವಳು ಬ್ಯಾಗು ಎಳೆದುಕೊಂಡು, ಒಂದು ಕೈಯಲ್ಲಿ ಶೂ ಹಿಡಿದುಕೊಂಡು, ಬರಿಗಾಲಲ್ಲಿ ಓಡಿ ಬಂದು ನನ್ನ ಹೊಟ್ಟೆಗೆ ಡಿಕ್ಕಿ ಹೊಡೆಯುತ್ತಿದ್ದಳು. ಅಲ್ಲಿಂದ ನದಿಯ ಏರಿಯ ಮೇಲೆ ನಡೆದು ಬರುವುದು. ಗಾಳಿ ಸೀರೆಯನ್ನು ಕಿತ್ತುಕೊಂಡು ಹೋಗುವ ಹಾಗೆ ಬೀಸುತ್ತದೆ. ನಾನು ಕನ್ನಡದಲ್ಲಿ ಕೇಳುತ್ತಿದ್ದೆ, ಅವಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು: ಯಾರ ಹಲ್ಲು ಬಿತ್ತು, ಯಾರು ಯಾರ ಜೊತೆ ಟೂ ಬಿಟ್ಟರು. ಮೂಲೆಯಲ್ಲಿ ಒಂದು ಡೇರಿ. ಇಲ್ಲಿ ಡೇರಿ ಅಂದರೆ ಹಾಲಿನ ಕೇಂದ್ರವಲ್ಲ, ಕಿರಾಣಿ ಅಂಗಡಿ. ಅಪ್ಪನಿಗೆ ಹೇಳಬಾರದು ಎಂಬ ಒಪ್ಪಂದದ ಮೇಲೆ ಅಲ್ಲಿ ಅವಳಿಗೊಂದು ಐಸ್ ಕ್ಯಾಂಡಿ. ಈ ಊರಿನಲ್ಲಿ ನಾನು ಯಾರಿಗೋ ಬೇಕಾದವಳು ಅನ್ನಿಸುತ್ತಿದ್ದದ್ದು ಆ ಅರ್ಧ ಗಂಟೆಯಲ್ಲಿ ಮಾತ್ರ.

ಆ ಅರ್ಧ ಗಂಟೆಯನ್ನು ನನ್ನಿಂದ ಕಿತ್ತುಕೊಂಡದ್ದು ಒಂದು ಗಾಜು. ಆದ್ದರಿಂದ ಗಾಜಿನ ಬಗ್ಗೆ ನಾಲ್ಕು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಅಳಿಯದೇವರಂತೂ ಹೇಳುವುದಿಲ್ಲ.

ಮುಟ್ಟುವ ಗಾಜುಗಳೆಲ್ಲ ನೋಡಲು ಒಂದೇ ಥರ, ಒಳಗಿನ ಬುದ್ಧಿ ಬೇರೆ ಬೇರೆ. ಹುಬ್ಬಳ್ಳಿಯಲ್ಲಿ ನಮ್ಮ ಬ್ಯಾಂಕಿನ ಹಳೆಯ ಎಟಿಎಂನಲ್ಲಿ ಇದ್ದದ್ದು ಒತ್ತಿದರೆ ಕೆಲಸ ಮಾಡುವಂಥದ್ದು. ಮೇಲೊಂದು ಬಾಗುವ ಪ್ಲಾಸ್ಟಿಕ್ ಹಾಳೆ, ಕೆಳಗೆ ಗಾಜು, ನಡುವೆ ಕೂದಲೆಳೆಯಷ್ಟು ಸಂದು. ಎರಡರ ಒಳಮೈಗೂ ವಿದ್ಯುತ್ ಹರಿಯುವಂಥ ತೆಳು ಲೇಪ. ಒತ್ತಿದಾಗ ಮೇಲಿನದು ಬಗ್ಗಿ ಕೆಳಗಿನದಕ್ಕೆ ತಾಗುತ್ತದೆ. ತಾಗಿದ ಜಾಗ ಯಾವುದು ಎಂದು ಯಂತ್ರ ಲೆಕ್ಕ ಹಾಕುತ್ತದೆ. ಬೆರಳಾದರೇನು, ಉಗುರಾದರೇನು, ಪೆನ್ನಿನ ಹಿಂಬದಿಯಾದರೇನು, ಅದಕ್ಕೆ ಎಲ್ಲವೂ ಒಂದೇ. ಒತ್ತಿದರೆ ಆಯಿತು. ಮಂದವಾಗಿರುತ್ತದೆ, ಗೀರು ಬೀಳುತ್ತದೆ ಎಂದು ಈಗಿನವರು ಮೂಗು ಮುರಿಯುತ್ತಾರೆ. ಇಂಥ ಪ್ರಾಮಾಣಿಕ ಯಂತ್ರವನ್ನು ನಾನು ಮತ್ತೊಂದು ನೋಡಿಲ್ಲ.

ಇಲ್ಲಿನ ಮಾಲಿನಲ್ಲಿ ಅಂಗಡಿಗಳ ನಕ್ಷೆ ತೋರಿಸುವ ಒಂದು ಎತ್ತರದ ಪರದೆಯಿದೆ. ಅದರ ಗಾಜಿಗೆ ಏನೂ ತಿಳಿಯದು, ಪೆದ್ದು ಗಾಜು. ಚೌಕಟ್ಟಿನ ಅಂಚಿನಿಂದ ಅಂಚಿಗೆ ಕಣ್ಣಿಗೆ ಕಾಣದ ಬೆಳಕಿನ ಕಿರಣಗಳು ಅಡ್ಡಡ್ಡ ಉದ್ದುದ್ದ ಹಾಯುತ್ತಿರುತ್ತವೆ. ಏನೇ ಅಡ್ಡ ಬಂದರೂ ಅದನ್ನೇ ಬೆರಳು ಎಂದುಕೊಳ್ಳುತ್ತದೆ. ನಾನು ಬಗ್ಗಿ ಶೌಚಾಲಯ ಎಲ್ಲಿದೆ ಎಂದು ಹುಡುಕುತ್ತಿದ್ದಾಗ ನನ್ನ ಸೆರಗು ಜಾರಿ ಚಪ್ಪಲಿ ಅಂಗಡಿಯನ್ನು ಆರಿಸಿತು. ಲೈಬ್ರರಿಯಲ್ಲಿದ್ದ ಹಳೆಯ ಯಂತ್ರ ಇನ್ನೊಂದು ಬಗೆಯದು. ಗಾಜಿನ ಮೈಮೇಲೆ ನಮ್ಮ ಕಿವಿಗೆ ಕೇಳದ ಸದ್ದಿನ ಅಲೆಗಳು ಓಡುತ್ತಿರುತ್ತವೆ, ಮೆತ್ತಗಿನ ಬೆರಳು ಇಟ್ಟಲ್ಲಿ ಆ ಅಲೆ ಹೀರಿಹೋಗುತ್ತದೆ. ಪೆನ್ನಿಟ್ಟರೆ ಅದಕ್ಕೆ ಗೊತ್ತಾಗದು, ಒಂದು ಹನಿ ನೀರು ಬಿದ್ದರೆ ಬೆರಳೆಂದು ಮೋಸ ಹೋಗುತ್ತದೆ. ಎರಡನ್ನೂ ನಾನು ಮಾಡಿ ನೋಡಿದ್ದೇನೆ. ಅಲ್ಲಿನ ಹುಡುಗಿ ಬಂದು, "ಆರ್ ಯು ಓಕೆ, ಆಂಟಿ?" ಎಂದು ಕೇಳಿದಳು. ಪ್ರಯೋಗ ಮಾಡುವ ಮುದುಕಿಯನ್ನು ಇಲ್ಲಿನವರು ನೋಡಿದ್ದು ಕಡಿಮೆ.

ಇನ್ನು ಎಲ್ಲರ ಕಿಸೆಯಲ್ಲಿರುವ ಗಾಜು. ಅದಕ್ಕೆ ಒತ್ತಡ ಬೇಕಿಲ್ಲ, ಬೇಕಾದದ್ದು ವಿದ್ಯುತ್ತು ಹಾಯುವ ಮೈ. ಗಾಜಿನ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ತಂತಿಗಳ ಬಲೆ, ಅದರಲ್ಲಿ ಚೂರು ವಿದ್ಯುದಂಶ. ಮನುಷ್ಯನ ಮೈಯೆಂದರೆ ಬಹುಪಾಲು ಉಪ್ಪು ನೀರು ತಾನೇ. ಬೆರಳು ಹತ್ತಿರ ಬಂದರೆ ಅಲ್ಲಿನ ವಿದ್ಯುದಂಶ ಕೊಂಚ ಆಚೀಚೆಯಾಗುತ್ತದೆ, ಆ ಏರುಪೇರನ್ನು ಅಳೆದು ಬೆರಳು ಇಲ್ಲಿದೆ ಎಂದು ತಿಳಿಯುತ್ತದೆ. ಏರುಪೇರು ತೀರ ಕಡಿಮೆಯಿದ್ದರೆ ಯಾರೂ ಮುಟ್ಟಿಲ್ಲ ಎಂದೇ ಅದರ ತೀರ್ಪು. ಕೈಗವಸು ಹಾಕಿಕೊಂಡರೆ ಗುರುತಿಸದು. ನನ್ನ ಕೈಯನ್ನೂ ಗುರುತಿಸದು.

ಯಾಕೆಂದರೆ ನಾನು ರೊಟ್ಟಿ ಬಡಿಯುವವಳು. ಕಾಲೇಜಿಗೆ ಹೋಗುವ ಮೊದಲೂ ಬಡಿದಿದ್ದೇನೆ, ಬಂದ ಮೇಲೂ ಬಡಿದಿದ್ದೇನೆ. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ಕೈಯಲ್ಲೇ ನಾದಬೇಕು, ಕಾದ ಹಂಚಿನ ಮೇಲೆ ಹಾಕಿ ನೀರು ಸವರಬೇಕು, ಬೆರಳ ತುದಿಯಲ್ಲೇ ಎತ್ತಿ ತಿರುವಿ ಹಾಕಬೇಕು. ಇಲ್ಲಿಯೂ ಪ್ರತಿ ಶನಿವಾರ ಹಿತ್ತಲಿನ ಗ್ಯಾಸ್ ಒಲೆಯ ಮುಂದೆ ಕೂತು ನಮ್ಮ ಕಡೆಯ ಮೂರ್ನಾಲ್ಕು ಮನೆಗಳಿಗೆ ಆಗುವಷ್ಟು ಬಡಿಯುತ್ತೇನೆ. ನನ್ನ ಬೆರಳ ತುದಿಯಲ್ಲಿರುವುದು ಈಗ ಚರ್ಮವಲ್ಲ, ಚಕ್ಕಳ. ಚಕ್ಕಳದೊಳಗೆ ವಿದ್ಯುತ್ತು ಹಾಯುವುದಿಲ್ಲ. ಫೋನು ಬಳಸುವಾಗ ನಾನು ಬೆರಳ ಗೆಣ್ಣಿನಿಂದ ತಟ್ಟುತ್ತೇನೆ, ಇಲ್ಲವೇ ಪಕ್ಕದ ಲೋಟದ ನೀರಿನಲ್ಲಿ ಬೆರಳು ತುಸು ತೇವ ಮಾಡಿಕೊಳ್ಳುತ್ತೇನೆ. ಕಾರಣ ಗೊತ್ತಿರುವವಳಿಗೆ ಅದೇನು ದೊಡ್ಡ ಕಷ್ಟವಲ್ಲ.

ಹೀಗಿರುವಾಗ ಒಂದು ದಿನ ಬಿಪಿ ಮಾತ್ರೆ ಬರೆಸಿಕೊಳ್ಳಲು ಕ್ಲಿನಿಕ್ಕಿಗೆ ಹೋದೆವು. ಎಪ್ಪತ್ತು ದಾಟಿದವರಿಗೆ ನೆನಪಿನ ಶಕ್ತಿ ಹೇಗಿದೆ ಎಂದು ನೋಡುವ ಹೊಸ ವ್ಯವಸ್ಥೆ ಬಂದಿದೆ, ಬರೀ ಹತ್ತು ನಿಮಿಷ ಎಂದು ನರ್ಸ್ ನನ್ನನ್ನು ಒಳಗೆ ಕರೆದಳು. ಮಗಳು ಹೇಳಿಕೊಡಬಾರದೆಂದು ಅವಳನ್ನು ಹೊರಗೆ ಕೂಡಿಸಿದಳು. ಒಳಗೆ ಹೀಟ್ ಪಂಪಿನ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಮೇಜಿನ ಮೇಲೆ ಸ್ಲೇಟಿನಷ್ಟು ದೊಡ್ಡ ಗಾಜಿನ ಟ್ಯಾಬ್ಲೆಟ್. ಮೊದಲು ಕೈಗೆ ಸ್ಯಾನಿಟೈಸರ್ ಹಾಕಿಸಿದಳು. ಅದರ ಸ್ಪಿರಿಟ್ಟು ಇದ್ದಬದ್ದ ಪಸೆಯನ್ನೂ ಎಳೆದುಕೊಂಡು ಹಾರಿಹೋಯಿತು. ಆಮೇಲೆ ತೋರುಬೆರಳಿನಿಂದಲೇ ಮುಟ್ಟಬೇಕು ಎಂದು ತನ್ನ ಬೆರಳು ಎತ್ತಿ, ಮೂರು ವರ್ಷದ ಮಗುವಿಗೆ ತೋರಿಸುವ ಹಾಗೆ ತೋರಿಸಿದಳು.

ಚಿತ್ರಗಳು ಬಂದವು. ಕತ್ತರಿ, ದೋಣಿ, ಕುದುರೆ, ಕೊಡೆ. ಈಗಲೂ ಹೇಳುತ್ತೇನೆ, ಅದೇ ಸಾಲಿನಲ್ಲಿ ಬಂದವು. ನೋಡಿದ ಚಿತ್ರವನ್ನು ಮುಟ್ಟಿ ಎಂದಿತು ಟ್ಯಾಬ್ಲೆಟ್. ಮುಟ್ಟಿದೆ. ಗಾಜು ಸುಮ್ಮನಿತ್ತು. ಗೆಣ್ಣಿನಿಂದ ತಟ್ಟಲು ಹೋದರೆ, ಬೆರಳ ತುದಿಯಿಂದಲೇ ಎಂದು ನರ್ಸ್ ತಡೆದಳು. ಮತ್ತೆ ಮುಟ್ಟಿದೆ. ಸಮಯ ಮುಗಿಯಿತೆಂದು ಮುಂದಿನ ಪ್ರಶ್ನೆಗೆ ಹೋಯಿತು. ಗಡಿಯಾರ ಬಿಡಿಸಿ ಹನ್ನೊಂದೂ ಹತ್ತು ತೋರಿಸಿ ಎಂದಿತು. ನಾನು ದುಂಡಗೆ ಬಿಡಿಸಿ, ಹನ್ನೆರಡು ಅಂಕಿಗಳನ್ನೂ ಬರೆದು ಮುಳ್ಳು ಇಟ್ಟೆ. ಗಾಜಿನ ಮೇಲೆ ಮೂಡಿದ್ದು ಎರಡು ಮೂರು ಇರುವೆಯಂಥ ಗೆರೆ. ಇದು ನನ್ನ ಬೆರಳಿನ ತೊಂದರೆ, ತಲೆಯದಲ್ಲ, ಬೇಕಾದರೆ ಬಾಯಿಯಲ್ಲಿ ಹೇಳುತ್ತೇನೆ ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದೆ. "ನೋ ವರೀಸ್, ಯು ಆರ್ ಡೂಯಿಂಗ್ ಗ್ರೇಟ್," ಎಂದಳು. ಇಲ್ಲಿನ ಜನ ಒಳ್ಳೆಯವರು. ಎದುರಿಗಿರುವವರ ಮಾತು ಕೇಳಿಸಿಕೊಳ್ಳುವ ಅಗತ್ಯವೇ ಬೀಳದಷ್ಟು ಒಳ್ಳೆಯವರು.

ನೀರು ಕೇಳಿದೆ. ತಂದುಕೊಟ್ಟಳು. ಆ ಲೋಟದಲ್ಲಿ ಬೆರಳು ಅದ್ದಿದೆ. ಅವಳ ಹುಬ್ಬು ಮೇಲೇರಿತು. ಆತುರದಲ್ಲಿ ನೀರು ಜಾಸ್ತಿಯಾಗಿ ಗಾಜಿನ ಮೇಲೆ ತೊಟ್ಟಿಕ್ಕಿತು, ಪರದೆ ತನ್ನಷ್ಟಕ್ಕೇ ಹುಚ್ಚುಹುಚ್ಚಾಗಿ ಕುಣಿಯಿತು. ಅವಳು ಗಾಜು ಒರೆಸಿ, ಲೋಟವನ್ನು ನನ್ನ ಕೈಗೆ ಎಟುಕದಷ್ಟು ದೂರವಿಟ್ಟು, ನನ್ನ ಕೈಗೆ ಇನ್ನೊಮ್ಮೆ ಸ್ಯಾನಿಟೈಸರ್ ಹಾಕಿದಳು. ಕುಡಿಯುವ ನೀರಿನಲ್ಲಿ ಬೆರಳು ಅದ್ದಿದರು ಎಂದು ವರದಿಯಲ್ಲಿ ಸೇರಿಸಿದಳಂತೆ. ಅದು ಆಮೇಲೆ ಗೊತ್ತಾಯಿತು.

ಆಗಲೂ ಒಂದು ದಾರಿ ಉಳಿದಿತ್ತು. ಬೆರಳ ತುದಿಯನ್ನು ನಾಲಿಗೆಗೆ ತಾಗಿಸಿಕೊಂಡರೆ ಆಯಿತು, ಗಾಜು ತಕ್ಷಣ ಮಾತು ಕೇಳುತ್ತಿತ್ತು. ನನಗದು ಗೊತ್ತಿತ್ತು. ಆದರೆ ಎಂಜಲು ಬೆರಳನ್ನು ಊರಿನವರೆಲ್ಲ ಮುಟ್ಟುವ ಗಾಜಿಗೆ ಹೇಗೆ ಇಡುವುದು? ಪುಸ್ತಕದ ಪುಟವನ್ನು ಎಂಜಲು ಹಚ್ಚಿ ತಿರುವಿದ ಹುಡುಗರನ್ನು ತರಗತಿಯಿಂದ ಎಬ್ಬಿಸಿ ಕೈ ತೊಳೆಯಲು ಕಳಿಸಿದವಳು ನಾನು. ಕೈ ಬಾಯಿಯವರೆಗೂ ಹೋಗಲಿಲ್ಲ. ಕೂತೆ, ಉಳಿದ ಪ್ರಶ್ನೆಗಳೆಲ್ಲ ನನ್ನ ಕಣ್ಣೆದುರೇ ಒಂದೊಂದಾಗಿ ದಾಟಿಹೋದವು.

ಯಂತ್ರ ತಾನೇ ಅಂಕ ಹಾಕಿತು. ಡಾಕ್ಟರು ಮಗಳನ್ನು ಒಳಗೆ ಕರೆದು ಮೆಲ್ಲನೆ ಮಾತಾಡಿದರು. ಇನ್ನೂ ಹೆಚ್ಚಿನ ತಪಾಸಣೆ ಬೇಕು, ಅಲ್ಲಿಯವರೆಗೆ ಸ್ವಲ್ಪ ಎಚ್ಚರ ಎಂದರಂತೆ. ಆ ಸಂಜೆ ಗಂಡಹೆಂಡತಿ ಅಡುಗೆಮನೆಯಲ್ಲಿ ನಿಂತು ಪಿಸುಪಿಸು ಮಾಡಿದರು. ಆಮೇಲೆ ಮಗಳು ಬಂದು ನನ್ನ ಪಕ್ಕ ಕೂತಳು.

"ಅವ್ವಾ, ಸ್ವಲ್ಪ ದಿನ ಅಷ್ಟ. ಡಾಕ್ಟರು ಮತ್ತೊಮ್ಮೆ ನೋಡೂತನಕ ಹುಡುಗಿನ್ನ ಆಫ್ಟರ್‌ಸ್ಕೂಲ್ ಕೇರ್‌ನ್ಯಾಗ ಬಿಡೂಣು. ನೀ ಒಬ್ಬಾಕಿನ ಕರಕೊಂಡ ಬರೂದು ಬ್ಯಾಡ."

"ನನ್ನ ತಲಿ ಸರಿ ಐತಿ. ಬೆರಳ ಒಣಗ್ಯಾವು, ಅಷ್ಟ," ಎಂದೆ.

"ಸಿಟ್ಟಾಗಬ್ಯಾಡವ್ವಾ."

ಅಳಿಯದೇವರು ಬಾಗಿಲಲ್ಲಿ ನಿಂತಿದ್ದರು. "ಅತ್ತೆ, ಸ್ಕ್ರೀನು ಎಲ್ಲರಿಗೂ ವರ್ಕ್ ಆಗುತ್ತೆ. ನಮ್ಮ ಆಫೀಸಲ್ಲಿ ಎಷ್ಟೊಂದು ಟೆಸ್ಟಿಂಗ್ ಮಾಡ್ತೀವಿ. ಇಂಥ ಕಂಪ್ಲೇಂಟ್ ಒಂದೂ ಬಂದಿಲ್ಲ."

"ನಿಮ್ಮ ಟೆಸ್ಟಿಂಗ್ ಮಾಡೂ ಮಂದಿಯೊಳಗ ಯಾರರ ಒಬ್ರು ರೊಟ್ಟಿ ಬಡದಾರೇನ್ರಿ?" ಎಂದು ಕೇಳಿದೆ.

ಅವರು ಮಗಳ ಮುಖ ನೋಡಿದರು. ಆ ನೋಟದ ಅರ್ಥ ನನಗೆ ತಿಳಿಯದೆ ಏನು? ರೊಟ್ಟಿಯ ಮಾತು ಇಲ್ಲಿ ಯಾಕೆ ಬಂತು, ಪಾಪ, ಎಂಬ ನೋಟ. ತನಗೆ ತೊಂದರೆಯಿದೆ ಎಂದು ರೋಗಿ ಒಪ್ಪಿಕೊಳ್ಳದಿರುವುದೂ ರೋಗದ ಲಕ್ಷಣವೇ ಎಂದು ಫೋನಿನಲ್ಲಿ ಓದಿಕೊಂಡಿದ್ದರು. ಅಲ್ಲಿಂದ ಮುಂದೆ ನಾನು ವಾದ ಮಾಡಿದರೆ ಲಕ್ಷಣ, ಸಿಟ್ಟಾದರೆ ಲಕ್ಷಣ, ಸುಮ್ಮನಿದ್ದರೆ ಇನ್ನೂ ದೊಡ್ಡ ಲಕ್ಷಣ. ಕನ್ನಡಕ ಹುಡುಕುತ್ತಿದ್ದರೆ ಮನೆಯವರೆಲ್ಲ ಮಾತು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ತಮಾಷೆಯೆಂದರೆ ಶನಿವಾರದ ರೊಟ್ಟಿ ನಿಲ್ಲಲಿಲ್ಲ. ಬೆಂಕಿ, ಕಾದ ಹಂಚು, ಕುದಿಯುವ ನೀರು ಇವನ್ನೆಲ್ಲ ನನ್ನ ಕೈಗೆ ಬಿಡಲು ಯಾರಿಗೂ ಹೆದರಿಕೆಯಿರಲಿಲ್ಲ, ತಿನ್ನಲು ರೊಟ್ಟಿ ಬೇಕಲ್ಲ. ಮಗು ಮಾತ್ರ ಬೇಡ.

ಮೂರು ಗಂಟೆಗೆ ಕಿಟಕಿಯ ಮುಂದೆ ಕೂರುತ್ತಿದ್ದೆ. ಬೇರೆಯವರ ಅಜ್ಜಿಯರು ಬೇರೆಯವರ ಮಕ್ಕಳ ಕೈ ಹಿಡಿದು ಹೋಗುತ್ತಿದ್ದರು. ನಮ್ಮವಳು ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು, ಸುಸ್ತಾಗಿ ಊಟದ ಮೇಜಿನ ಮೇಲೇ ತೂಕಡಿಸುತ್ತಿದ್ದಳು.

ಬಾಯಿಮಾತಿಗೆ ಬೆಲೆಯಿಲ್ಲದ ಕಡೆ ಪ್ರಯೋಗ ಮಾಡಿ ತೋರಿಸಬೇಕು. ಒಂದು ಭಾನುವಾರ ಮಧ್ಯಾಹ್ನ ಕೋಸಂಬರಿಗೆಂದು ಸೌತೆಕಾಯಿ ತಗೊಂಡು ಕೂತೆ. ಇಲ್ಲಿನ ಸೌತೆಕಾಯಿ ಮೊಳದುದ್ದ, ಮೈಗಂಟಿದ ಪ್ಲಾಸ್ಟಿಕ್ ಅಂಗಿ ತೊಟ್ಟಿರುತ್ತದೆ. ಎಲ್ಲರೂ ಮೇಜಿನ ಸುತ್ತ ಇದ್ದರು.

"ನಿಮ್ಮ ಫೋನ್ ಇಲ್ಲಿ ಇಡ್ರಿ. ಕ್ಯಾಲ್ಕ್ಯುಲೇಟರ್ ತಗೀರಿ," ಎಂದೆ ಅಳಿಯನಿಗೆ. ಮುದುಕಿಗೆ ಬೇಜಾರಾಗದಿರಲಿ ಎಂದು ಇಟ್ಟರು. ತೋರುಬೆರಳಿನಿಂದ ಏಳನ್ನು ಮುಟ್ಟಿದೆ. ಏನೂ ಇಲ್ಲ. ಒತ್ತಿದೆ. ಏನೂ ಇಲ್ಲ. "ಮೆಲ್ಲಗೆ ಅತ್ತೆ," ಎಂದರು. ಮೆಲ್ಲಗೂ ಮುಟ್ಟಿದೆ. ಆಮೇಲೆ ಸೌತೆಕಾಯಿಯ ಪ್ಲಾಸ್ಟಿಕ್ ಸುಲಿದು, ತುದಿಯನ್ನು ಚೂಪಾಗಿ ಹೆರೆದು, ಇಡೀ ಕಾಯಿಯನ್ನು ಅಂಗೈಯಲ್ಲಿ ಹಿಡಿದು ಅದೇ ಏಳಕ್ಕೆ ತಾಗಿಸಿದೆ. ಏಳು ಮೂಡಿತು. ಗುಣಾಕಾರದ ಗುರುತಿಗೆ ತಾಗಿಸಿದೆ, ಎಂಟಕ್ಕೆ ತಾಗಿಸಿದೆ. ಐವತ್ತಾರು ಬಂತು.

"ಅಜ್ಜೀ! ದ ಕ್ಯುಕಂಬರ್ ಕ್ಯಾನ್ ಡು ಮ್ಯಾಥ್ಸ್!" ಎಂದು ಮೊಮ್ಮಗಳು ಕುರ್ಚಿಯ ಮೇಲೆ ಎದ್ದು ನಿಂತಳು.

"ನೋಡ್ರಿ," ಎಂದೆ. "ಈ ಸೌತಿಕಾಯಿ ಮೈಯಾಗ ನೀರೈತಿ, ನನ್ನ ಬೆರಳಿನ ತುದಿಯಾಗ ಇಲ್ಲ. ನಿಮ್ಮ ಗಾಜಿನ ಲೆಕ್ಕದಾಗ ಇದರ ತಲಿ ಸರಿ ಐತಿ, ನನ್ನ ತಲಿ ಕೆಟ್ಟೈತಿ. ನಾಳಿಂದ ಇದನ್ನ ಸಾಲಿಗಿ ಕಳಸ್ರಿ. ಹುಡುಗಿನ್ನ ಇದ ಕರಕೊಂಡ ಬರತೈತಿ."

ಅಳಿಯದೇವರು, "ಓ, ಇಂಟರೆಸ್ಟಿಂಗ್," ಎಂದರು. ಇನ್ನೊಮ್ಮೆ ಮಾಡಿ ಅತ್ತೆ, ಆಫೀಸಿನವರಿಗೆ ತೋರಿಸಲು ವಿಡಿಯೋ ಮಾಡಿಕೊಳ್ಳುತ್ತೇನೆ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಮಾಡಲಿಲ್ಲ. ಸೌತೆಕಾಯಿಯನ್ನು ಕೊಚ್ಚಿ ಹಾಕಿದೆ.

ಮಗಳು ನನ್ನ ಬಲಗೈಯನ್ನು ತೆಗೆದುಕೊಂಡು ಬೆರಳ ತುದಿಗಳನ್ನು ಒತ್ತಿ ಒತ್ತಿ ನೋಡಿದಳು. ಹಲ್ಲು ಬಂದಾಗಿನಿಂದ ಆ ಕೈಯ ರೊಟ್ಟಿ ತಿಂದು ಬೆಳೆದವಳು, ಆ ಕೈ ಹೇಗಿದೆ ಎಂದು ಅಂದು ನೋಡಿದಳು. ಗಾಜಿಗೆ ನನ್ನ ಕೈ ತಿಳಿಯಲಿಲ್ಲ ಎಂದು ನನಗೇನೂ ನೋವಿಲ್ಲ, ಅದು ಗಾಜು. ಇವಳು ನನ್ನ ಮಾತು ಬಿಟ್ಟು ಗಾಜಿನ ಮಾತು ನಂಬಿದ್ದೇ ನನಗೆ ನೋವು. ಅದನ್ನು ಹೇಳಿಯೇಬಿಟ್ಟೆ. ಅವಳು ಅತ್ತಳು. ಅತ್ತು, ಮೂಗು ಒರೆಸಿಕೊಂಡು, "ಒಂಚೂರು ಎಂಜಲ ಹಚ್ಚಿದ್ರ ಮುಗೀತಿತ್ತಲ್ಲವ್ವಾ," ಎಂದಳು.

"ಮಂದಿ ಮುಟ್ಟೂ ಗಾಜಿಗಿ ಎಂಜಲ ಹಚ್ಚಬೇಕಂದ್ರ ನನಗ ಖರೇನ ತಲಿ ಕೆಟ್ಟಿರಬೇಕಾಗತಿತ್ತು," ಎಂದೆ.

ಮುಂದಿನ ವಾರ ಮತ್ತೆ ಕ್ಲಿನಿಕ್ಕು. ಈ ಸಲ ಮಗಳು ಡಾಕ್ಟರ ಎದುರು ನಿಂತು, ಕಾಗದ ಮತ್ತು ಪೆನ್ನು ಕೊಡಿ ಎಂದು ಗಟ್ಟಿಯಾಗಿ ಕೇಳಿದಳು. ಕೊಟ್ಟರು. ಅವರು ಕೇಳಿದ್ದಕ್ಕೆಲ್ಲ ಬಾಯಿಯಲ್ಲಿ ಹೇಳಿದೆ. ಗಡಿಯಾರ ಬಿಡಿಸಿದೆ. ಸಿಟ್ಟಿಗೆ ಕನ್ನಡ ಅಂಕಿಗಳನ್ನೇ ಬರೆಯೋಣ ಎನ್ನಿಸಿತ್ತು, ಮಗಳ ಮುಖ ನೋಡಿ ಬಿಟ್ಟೆ. ಡಾಕ್ಟರು ನೋಡಿ, "ಗುಡ್ ಆಸ್ ಗೋಲ್ಡ್," ಎಂದು ನಕ್ಕರು. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ಬರುವಾಗ ಮುಂದಿನ ಕೋಣೆಯಲ್ಲಿ ಬೇರೊಬ್ಬ ಮುದುಕ, ತೋಟದ ಕೆಲಸ ಮಾಡಿದಂಥ ಒರಟು ಕೈಯವನು, ಅದೇ ಟ್ಯಾಬ್ಲೆಟ್ಟನ್ನು ಕುಟ್ಟುತ್ತಿದ್ದ. ನಾನು ಒಳಗೆ ಹೋಗಿ ಗೆಣ್ಣಿನಿಂದ ಮುಟ್ಟು ಎಂದು ಅವನಿಗೆ ಹೇಳಿದೆ. ನರ್ಸ್ ನನ್ನನ್ನು ಹೊರಗೆ ಕಳಿಸಿದಳು.

ಸೋಮವಾರ ಮೂರಕ್ಕೆ ಮೊದಲೇ ಶಾಲೆಯ ಗೇಟಿನಲ್ಲಿ ನಿಂತಿದ್ದೆ. ಗಂಟೆ ಹೊಡೆಯಿತು. ಮಕ್ಕಳೆಲ್ಲ ಹೋ ಎಂದು ಹೊರಗೆ ಬಂದರು. ನಮ್ಮವಳೂ ಬಂದಳು, ಆದರೆ ಓಡಲಿಲ್ಲ. ಶೂ ಹಾಕಿಕೊಂಡಿದ್ದಳು. ಮೆಲ್ಲಗೆ ನಡೆದು ಬಂದು, ನನ್ನ ಕೈ ಹಿಡಿದು, "ಹಾಯ್ ಅಜ್ಜಿ," ಎಂದಳು. ರಸ್ತೆಯ ಹತ್ತಿರ ಬಂದಾಗ ನನ್ನ ಕೈ ಜಗ್ಗಿ ನಿಲ್ಲಿಸಿ, ಆ ಕಡೆ ಈ ಕಡೆ ನೋಡಿ, ಆಮೇಲೆ ನನ್ನನ್ನು ದಾಟಿಸಿದಳು. ಯಾರ ಹಲ್ಲು ಬಿತ್ತು ಎಂದು ಕೇಳಿದೆ. ಅವಳು ನನ್ನ ಹೆಜ್ಜೆಗಳನ್ನೇ ನೋಡಿಕೊಂಡು ನಡೆದಳು.

ಏರಿಯ ಮೇಲೆ ಸ್ವಲ್ಪ ದೂರ ಬಂದ ಮೇಲೆ, "ಅಜ್ಜಿ, ವಾಟ್ಸ್ ಮೈ ನೇಮ್?" ಎಂದಳು.

ಆಟವೆಂದುಕೊಂಡೆ. ಅವಳ ಹೆಸರು ಹೇಳಿದೆ.

"ಅಂಡ್ ವೇರ್ ಡು ವಿ ಲಿವ್?"

ಆಗ ಅವಳ ಮುಖ ನೋಡಿದೆ. ಆಟವಾಗಿರಲಿಲ್ಲ. ಹುಬ್ಬು ಗಂಟಿಕ್ಕಿಕೊಂಡು, ನಾನು ತಪ್ಪು ಹೇಳಿದರೂ ಬೈಯಬಾರದು ಎಂದು ನಿರ್ಧರಿಸಿಕೊಂಡವಳ ಹಾಗೆ ಕಾಯುತ್ತಿದ್ದಳು. ನಾನು ಬೀದಿಯ ಹೆಸರು ಹೇಳಿದೆ, ಮನೆಯ ನಂಬರು ಹೇಳಿದೆ.

"ಗುಡ್ ಜಾಬ್, ಅಜ್ಜಿ," ಎಂದಳು.

"ಹಿಂಗ ಕೇಳಂತ ಯಾರ ಹೇಳ್ಯಾರವಾ ನಿನಗ?"

"ನೋಬಡಿ. ಐಯಾಮ್ ಲುಕಿಂಗ್ ಆಫ್ಟರ್ ಯು."

ಬಾಯಿ ತುಂಬ ಬೈಗುಳ ಬಂತು, ಅವಳಪ್ಪನಿಗೆ, ಅವಳವ್ವನಿಗೆ, ಆ ನರ್ಸಿಗೆ. ಯಾರೂ ಅಲ್ಲಿರಲಿಲ್ಲ. ಇದ್ದವಳು ಇವಳೊಬ್ಬಳೇ, ನನ್ನ ತಲೆ ಸರಿಯಿದೆ ಎಂದು ಇವಳಿಗೆ ಯಾವ ಡಾಕ್ಟರಿಂದ ಹೇಳಿಸುವುದು? ಡೇರಿ ಬಂತು. ಐಸ್ ಕ್ಯಾಂಡಿ ಬೇಕೇನು ಎಂದೆ. ಬೇಡ ಎಂದು ತಲೆಯಾಡಿಸಿದಳು. ಮನೆಯ ಬಾಗಿಲು ಮುಟ್ಟುವವರೆಗೂ ನನ್ನ ಕೈ ಬಿಡಲಿಲ್ಲ.